ತುಳಿದಾಗಲೆಲ್ಲ ಟಕ್

ಬೆಳಕು ಹರಿಯುವಷ್ಟರಲ್ಲಿ ನಾನು ನಲ್ಲಿ ನೀರು ಹಿಡಿದು, ಬಾಗಿಲು ಸಾರಿಸಿ, ರಂಗೋಲಿ ಎಂಬ ಹೆಸರಿನಲ್ಲಿ ಒಂದಿಷ್ಟು ಗೆರೆ ಎಳೆದು, ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಚಪಾತಿ ಹಿಟ್ಟು ಕಲಸಿ, ಹುರುಳಿಕಾಯಿ ಹೆಚ್ಚಿ, ಕುಕ್ಕರ್ ಕೂಗಿಸಿ, ನಮ್ಮವರ ಒಂಟಿ ಕಾಲುಚೀಲಕ್ಕೆ ಮಂಚದ ಕೆಳಗಿನಿಂದ ಅದರ ಜೋಡಿಯನ್ನು ಹುಡುಕಿ ಕೊಟ್ಟಿರುತ್ತಿದ್ದೆ. ಇಂಥ ಕಾರ್ಖಾನೆಯನ್ನು ದಿನಾ ಒಬ್ಬಳೇ ನಡೆಸುವ ಹೆಂಗಸಿಗೆ ಒಂದು ಸೈಕಲ್ ಬಿಚ್ಚಿ ಜೋಡಿಸುವುದು ಯಾವ ಮಹಾ ವಿದ್ಯೆ! ತೊಂಬತ್ತಾರನೇ ಇಸವಿಯಲ್ಲಿ, ಜೋಗುಪಾಳ್ಯದ ನಮ್ಮ ವಠಾರದ ಅಂಗಳದಲ್ಲಿ ನಿಂತು, ನಾನು ಇದನ್ನು ಎಲ್ಲರಿಗೂ ಕೇಳುವಂತೆ ಘೋಷಿಸಿಬಿಟ್ಟೆ.

ಘೋಷಿಸಲು ಕಾರಣವಿತ್ತು. ನನ್ನ ಲೇಡೀಸ್ ಸೈಕಲ್ ಹಿಂದಿನ ವಾರದಿಂದ ಸದ್ದು ಮಾಡತೊಡಗಿತ್ತು. ಪೆಡಲು ಒಂದು ಸುತ್ತು ಬಂದರೆ ಒಂದು ಟಕ್. ಮನೆಯಿಂದ ಇಂದಿರಾನಗರದ ನಮ್ಮ ವಿಮಾ ಕಚೇರಿಯವರೆಗೂ ಟಕ್, ಟಕ್, ಟಕ್. ಮುಂದೆ ಹೋಗುವವರು ಕುದುರೆ ಗಾಡಿ ಬಂತೆಂದು ದಾರಿ ಬಿಡುತ್ತಿದ್ದರು.

ಈ ಸೈಕಲ್ ಎಂದರೆ ನನಗೆ ಏನು ಎಂಬುದನ್ನು ಮೊದಲು ಹೇಳಬೇಕು. ಮನೆಯಲ್ಲಿ ಎಲ್ಲರೂ "ರಂಜನಾ" ಎಂದು ಕೂಗುತ್ತಾರೆ, ಕಚೇರಿಯಲ್ಲಿ ಎಲ್ಲರೂ "ಮೇಡಂ" ಎಂದು ಕೂಗುತ್ತಾರೆ. ಇವೆರಡರ ನಡುವೆ ಯಾರೂ ಕೂಗದ ಒಂದು ತುಂಡು ದಾರಿ ನನಗೆ ಸಿಗುತ್ತಿದ್ದುದು ಸೈಕಲ್ ಮೇಲೆ ಮಾತ್ರ. ಅದಕ್ಕೇ ಈಗ ಕಲ್ಲು ಬಿದ್ದಿತ್ತು. ಸೈಕಲ್ ಮಾರಿಬಿಡೋಣ, ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದು ನಮ್ಮವರು ತೀರ್ಮಾನ ಕೊಟ್ಟಿದ್ದರು. ಕೇಳಲು ಎಷ್ಟು ಉದಾರವಾಗಿದೆ! ಅವರ ಕಾರ್ಖಾನೆ ಇರುವುದು ಊರಂಚಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗೂ ಆಚೆ, ಪಾಳಿ ಶುರುವಾಗುವುದು ನಮ್ಮ ಕಚೇರಿಯ ಬೀಗ ತೆಗೆಯುವುದಕ್ಕೂ ಎಷ್ಟೋ ಮುಂಚೆ. ಅಂದರೆ ನನ್ನ ಬೆಳಗಿನ ಕೆಲಸಗಳೆಲ್ಲ ನಡುರಾತ್ರಿಗೆ ಬಡ್ತಿ ಪಡೆಯಬೇಕು, ಆಮೇಲೆ ನಾನು ಕಚೇರಿಯ ಮೆಟ್ಟಿಲ ಮೇಲೆ ಕಾವಲುಗಾರನಿಗೆ ಜೊತೆಯಾಗಿ ಕೂರಬೇಕು.

ಹಲಸೂರಿನಲ್ಲಿ ಹಳೆಯ ಸೈಕಲ್ ಕೊಂಡು ಮಾರುವ ಕಲೀಮುಲ್ಲಾನನ್ನು ಅವರೇ ಕರೆತಂದರು. ಸೈಕಲ್ ಹಿಡಿದು ನಿಂತವಳು ನಾನು. ದಿನಾ ತುಳಿಯುವವಳು ನಾನು. ಕಲೀಮುಲ್ಲಾ ಕೇಳಿದ್ದು ನಮ್ಮವರನ್ನು.

"ಯಾವಾಗಿಂದ ಸಾರ್ ಈ ಸೌಂಡು?"

ಆ ಸೈಕಲ್ಲಿನ ಸೀಟನ್ನು ಜನ್ಮದಲ್ಲಿ ಮುಟ್ಟದ ನಮ್ಮವರು ರೋಗದ ಪೂರ್ವಾಪರವನ್ನು ಸವಿಸ್ತಾರವಾಗಿ ವಿವರಿಸಿದರು. ಕಲೀಮುಲ್ಲಾ ಪೆಡಲು ಅಲ್ಲಾಡಿಸಿ ಬಿ.ಬಿ. ಹೋಗಿದೆ ಎಂದ. ನಾನು ಅದನ್ನೇ ಹೇಳಿದ್ದು ಎಂದರು ನಮ್ಮವರು. ಬಿ.ಬಿ. ಎಂದರೆ ಎರಡು ಪೆಡಲುಗಳ ನಡುವೆ ಕೂತ ಅಚ್ಚು, ಅದರ ಎರಡು ಬದಿಯ ಬಟ್ಟಲಿನಂಥ ಕಪ್ಪು, ಒಳಗಿನ ಸಣ್ಣ ಸಣ್ಣ ಬಾಲ್ಸು, ಎಲ್ಲ ಸೇರಿ. ನಾನು ಮಧ್ಯೆ ಬಾಯಿ ಹಾಕಿದೆ. ಬಿ.ಬಿ. ಹೋಗಿದ್ದರೆ ಭಾರ ಬಿದ್ದಾಗ ಸದ್ದು ಹೆಚ್ಚಾಗಬೇಕು. ಇದು ಸ್ಟ್ಯಾಂಡ್ ಹಾಕಿ ಕೈಯಲ್ಲಿ ತಿರುಗಿಸಿದರೂ ಅಷ್ಟೇ ಸದ್ದು ಮಾಡುತ್ತದೆ, ಬೇರೆ ಎಲ್ಲೋ ಏನೋ ತಗಲುತ್ತಿದೆ ಎಂದೆ. ಇಬ್ಬರು ಗಂಡಸರೂ ನನ್ನನ್ನು ನೋಡಿ, ಮಗು ಪದ್ಯ ಹೇಳಿದಾಗ ನಗುವಂತೆ ನಕ್ಕರು.

"ಭಾನುವಾರ ಬಾಪ್ಪಾ, ಸದ್ದು ಹಾಗೇ ಇದ್ರೆ ತಗೊಂಡ್ಹೋಗು," ಎಂದರು ನಮ್ಮವರು.

ನನ್ನ ಘೋಷಣೆ ಹುಟ್ಟಿದ್ದು ಆಗ. ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಬಂದವಳೇ ಬಿಚ್ಚುತ್ತೇನೆ, ಬಿ.ಬಿ. ಚೆನ್ನಾಗಿದೆ ಎಂದು ತೋರಿಸುತ್ತೇನೆ, ಆಮೇಲೆ ನಿಜವಾದ ಕಳ್ಳನನ್ನು ಹಿಡಿಯುತ್ತೇನೆ!

ಶನಿವಾರ ಮಧ್ಯಾಹ್ನ ಅಂಗಳವೇ ಯುದ್ಧಭೂಮಿ. ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ಸುಬ್ಬಲಕ್ಷ್ಮಿಯವರು, ಸುತ್ತಿಗೆ ಕಂಡದ್ದೇ ಮೊರ ಎತ್ತಿಕೊಂಡು ಒಳಗೆ ಹೋದರು. ಚೈನ್ ಕವರ್ ಕಳಚಿ ಬಂತು. ಪೆಡಲಿನ ತೋಳನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ನಿಗೆ ಸುತ್ತಿಗೆಯಿಂದ ಒಂದು ಕೊಟ್ಟೆ. ಅಲುಗಲಿಲ್ಲ. ಎರಡನೆಯದು ಕೊಟ್ಟೆ. ಪಿನ್ನು ಹಾರಿಹೋಗಿ ಪಕ್ಕದ ಮನೆಯ ಶಂಶುನ್ನೀಸಾ ಬೂದಿ ಹಚ್ಚಿ ತೊಳೆದು ಬೋರಲು ಹಾಕಿದ್ದ ಬಿರಿಯಾನಿ ದೇಗ್ಚಿಗೆ ಠಣ್ ಎಂದು ಬಡಿಯಿತು. ವಠಾರದ ಮಕ್ಕಳು ಐಸ್‌ಕ್ರೀಮಿನವನು ಬಂದನೆಂದು ಓಡಿ ಬಂದವು.

ನಮ್ಮವರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ಅವರದು ಕ್ವಾಲಿಟಿ ಕಂಟ್ರೋಲ್. ಅಂದರೆ ಬೇರೆಯವರು ಮಾಡಿದ್ದನ್ನು ನೋಡಿ ಸರಿಯಿಲ್ಲ ಎನ್ನುವ ಹುದ್ದೆ. ಅದಕ್ಕೆ ಸಂಬಳ ಬರುವುದು ಅಲ್ಲಿ, ಮನೆಯಲ್ಲಿ ಉಚಿತ ಸೇವೆ. ಬಲಗಡೆಯ ಕಪ್ಪು ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ನಾನು ಸ್ಪ್ಯಾನರಿನ ಮೇಲೆ ಹತ್ತಿ ನಿಂತೆ. ಎಡಕ್ಕೆ ತಿರುಗಿಸು, ಪ್ರಪಂಚದ ಎಲ್ಲ ತಿರುಪೂ ಎಡಕ್ಕೇ ಬಿಚ್ಚೋದು, ಇದು ವಿಜ್ಞಾನ ಎಂದರು. ಅವರ ಮೇಲಿನ ಸಿಟ್ಟಿಗೆ, ಬರೀ ಸಿಟ್ಟಿಗೆ, ಬಲಕ್ಕೆ ತಿರುಗಿಸಿದೆ. ಬೆಣ್ಣೆಯಂತೆ ಬಂತು! ಆ ಒಂದು ಕಪ್ಪಿನ ತಿರುಪು ಇರುವುದೇ ಉಲ್ಟಾ ಎಂಬುದು ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದವಳಂತೆ ಮುಖ ಮಾಡಿದೆ.

ಅದೇ ಗಳಿಗೆಗೆ ಒಳಗೆ ಬೇಳೆಗಿಟ್ಟ ಕುಕ್ಕರ್ ಕೂಗತೊಡಗಿತು. ನನ್ನ ಮೊಣಕೈವರೆಗೂ ಗ್ರೀಸು. ಅತ್ತೆ ದೇವರ ಮುಂದೆ ಕೂತಿದ್ದರು.

"ರೀ, ಗ್ಯಾಸ್ ಆಫ್ ಮಾಡಿ."

ಒಳಗೆ ಹೋದ ವಿಜ್ಞಾನಿ ಸ್ವಲ್ಪ ಹೊತ್ತಿಗೆ ಕೂಗಿ ಕೇಳಿದರು: "ಯಾವ ಕಡೆ ತಿರುಗಿಸ್ಬೇಕೇ ಇದನ್ನ?"

ನಾನು ಎದ್ದು ಓಡಿದೆ. ಓಡುವಾಗ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ ಬಾಲ್ಸಿನ ಬಟ್ಟಲಿಗೆ ಕಾಲು ತಾಗಿತು. ಬಾಲ್ಸು ಅಂಗಳದ ತುಂಬ ಉರುಳಿ ಮೋರಿಯ ಕಡೆ ಹೊರಟವು. ಶಂಶುನ್ನೀಸಾ ಪೊರಕೆ ಅಡ್ಡ ಹಿಡಿದು ತಡೆದರು, ಮಕ್ಕಳು ಅಂಗಾತ ಮಲಗಿ ಕೈ ಚಾಚಿದವು. ಕುಕ್ಕರಿನಿಂದ ಸೋತು ಹಿಂದಿರುಗಿದ ನಮ್ಮವರೂ ನೆರವಾದರು, ಹುಡುಕುವವರಿಗೆ ಅಡ್ಡಿಯಾಗಬಾರದೆಂದು ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು.

ಒರೆಸಿ ನೋಡಿದರೆ ಒಂದು ಬಾಲ್ಸಿಗೂ ಗಾಯವಿಲ್ಲ. ಅಚ್ಚು ಕನ್ನಡಿಯಂತಿದೆ. ಗೆದ್ದೆ ಎಂದು ಒಯ್ದು ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ಸವೆತ ಮೈಕ್ರಾನ್ ಲೆಕ್ಕದಲ್ಲಿರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ ಎಂದರು. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಜೋಡಿಸಿ, ಕವರ್ ಹಾಕಿ, ಬೀದಿ ಕೊನೆಯವರೆಗೆ ತುಳಿದೆ.

ಸದ್ದಿಲ್ಲ! ಟಕ್ ಇಲ್ಲ, ಟಿಕ್ ಇಲ್ಲ. ಬೆಕ್ಕು ನಡೆದಂತೆ. ಆನಂದಬಾಷ್ಪ ಸುರಿಸಬೇಕಾದ ಹೊತ್ತಿನಲ್ಲಿ ನನಗೆ ಮೈಯೆಲ್ಲ ಉರಿಯಿತು. ಬಿ.ಬಿ. ಬಿಚ್ಚಿ ಹಾಕಿದ ಮೇಲೆ ಸದ್ದು ಹೋಯಿತೆಂದರೆ ಗೆದ್ದವರು ಯಾರು? "ನಾನು ಹೇಳಿರ್ಲಿಲ್ವಾ," ಎಂದು ನಮ್ಮವರು ಊಟದ ಎಲೆಯ ಮುಂದೆಯೂ ಹೇಳಿದರು, ಎದ್ದ ಮೇಲೂ ಹೇಳಿದರು. ಹೋಗಲಿ, ಸೈಕಲ್ ಉಳಿಯಿತಲ್ಲ ಎಂದು ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ಕೊತ್ತಂಬರಿ ಸೊಪ್ಪಿಗೆಂದು ಸೈಕಲ್ ಹತ್ತಿದೆ.

ಟಕ್.

ನಮ್ಮವರು ಪೇಪರಿನ ಹಿಂದಿನಿಂದ ಹೊರಗೆ ಬಂದರು. ಬಿಗಿ ಮಾಡಿದ್ದು ಸರಿಯಾಗಿಲ್ಲ, ಇದೆಲ್ಲ ಹೆಂಗಸರ ಕೈಗೆ ಬಗ್ಗೋ ಕೆಲಸವಲ್ಲ, ಇವತ್ತು ಕಳಿಸಿಬಿಡೋಣ ಎಂದರು. ಇನ್ನೇನು ಕಲೀಮುಲ್ಲಾ ಬರುವ ಹೊತ್ತು. ನಾನು ಸೈಕಲನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಎಳೆದುಕೊಂಡು ಹೋಗಿ, ಸ್ಪ್ಯಾನರ್ ಕೈಲಿ ಹಿಡಿದು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ನಿಂತೆ.

ಅತ್ತೆ ಹಿಂದೆಯೇ ಬಂದರು. ಸೆರಗಿನಿಂದ ಬಾಯಿ ಒರೆಸಿಕೊಂಡು, ಮೆಲ್ಲಗೆ ಹೇಳಿದರು: "ಬಿಚ್ಬೇಡ ಕಣೆ. ಕವರ್ ಒಳಗೆ ಕೈ ಹಾಕು."

ಹಾಕಿದೆ. ಕಪ್ಪು ದಾರದಲ್ಲಿ ಕಟ್ಟಿದ ಒಂದು ತಾಮ್ರದ ತಾಯತ ಬೆರಳಿಗೆ ಸಿಕ್ಕಿತು. ಪೆಡಲು ಸುತ್ತಿದಾಗಲೆಲ್ಲ ಚೈನಿನ ಚಕ್ರಕ್ಕೆ ಬಡಿಯುತ್ತಿದ್ದುದು ಅದು.

ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸೊಂದು ನನ್ನನ್ನು ಸವರಿಕೊಂಡು ಹೋಗಿದ್ದನ್ನು ನಾನು ನಗುತ್ತ ಹೇಳಿದ್ದೆನಂತೆ. ಅತ್ತೆಗೆ ಅವತ್ತಿನಿಂದ ನಿದ್ದೆಯಿಲ್ಲ. ಹಿಂದಿನ ವಾರದ ಗುರುವಾರ ತರಕಾರಿಗೆ ಎಂದು ಹೇಳಿ ಶಂಶುನ್ನೀಸಾ ಜೊತೆ ಶಿವಾಜಿನಗರದ ದರ್ಗಾಕ್ಕೆ ಹೋಗಿ ತಾಯತ ತಂದಿದ್ದರು. ಹ್ಯಾಂಡಲಿಗೆ ಕಟ್ಟಿದರೆ ಮೂಢನಂಬಿಕೆಯೆಂದು ನಾನು ಭಾಷಣ ಮಾಡುತ್ತೇನೆ, ದರ್ಗಾ ಎಂದರೆ ಮಗ ಮನೆ ತಲೆಕೆಳಗು ಮಾಡುತ್ತಾನೆ. ಅದಕ್ಕೇ ಒಳಗೆ ಕಟ್ಟಿದ್ದು. ಶನಿವಾರ ಸುತ್ತಿಗೆಯ ಏಟು ಬೀಳುತ್ತದೆಂದು ನಾನು ಕಚೇರಿಯಿಂದ ಬಂದು ಸೀರೆ ಬದಲಿಸುವಷ್ಟರಲ್ಲಿ ಬಿಚ್ಚಿ ಕುಂಕುಮದ ಬಟ್ಟಲಲ್ಲಿಟ್ಟಿದ್ದರು. ಈ ಬೆಳಿಗ್ಗೆ ಮತ್ತೆ ಕಟ್ಟಿದ್ದರು.

"ಸದ್ದು ಇದರಿಂದ ಅಂತ ಗೊತ್ತಿತ್ತಾ ಅತ್ತೆ?"

"ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

"ಅವನು ಕಲೀಮುಲ್ಲಾನ ಕೇಳಿದ. ಕಲೀಮುಲ್ಲಾ ಅವನನ್ನ ಕೇಳಿದ. ನೀನು ಸುತ್ತಿಗೆ ತಗೊಂಡೆ. ನನ್ನನ್ನ ಯಾರು ಕೇಳಿದ್ರಿ?"

ಇಷ್ಟು ಹೇಳಿ ಅವರು ಒಳಗೆ ಹೋದರು. ನನ್ನನ್ನು ಯಾರೂ ಕೇಳಲಿಲ್ಲವೆಂದು ವಾರವಿಡೀ ಕುದಿದ ನನಗೆ ಕಿವಿಯವರೆಗೂ ಬಿಸಿಯಾಯಿತು. ತಾಯತವನ್ನು ಬಿಚ್ಚಿ, ಅಲುಗಾಡದಂತೆ ಬಟ್ಟೆಚೂರಿನಲ್ಲಿ ಸುತ್ತಿ, ಸೀಟಿನ ಸ್ಪ್ರಿಂಗಿನ ಒಳಗೆ ಬಿಗಿಯಾಗಿ ಕಟ್ಟಿದೆ.

ಮುಂದಿನ ಅಂಗಳಕ್ಕೆ ಬಂದಾಗ ಕಲೀಮುಲ್ಲಾ ಬಂದು ನಿಂತಿದ್ದ. ನಾನು ಸೈಕಲ್ ಹತ್ತಿ ಒಂದು ಸುತ್ತು ಬಂದೆ. ಸದ್ದಿಲ್ಲ. ಮತ್ತೊಂದು ಸುತ್ತು ಬಂದೆ. ಕಲೀಮುಲ್ಲಾ ಬಗ್ಗಿ ಕಿವಿಗೊಟ್ಟ. ನಮ್ಮವರು ಪೇಪರ್ ಮಡಿಸಿದರು.

"ಏನಾಗಿತ್ತೇ?"

ಸತ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಬಿ.ಬಿ. ಅಲ್ಲ, ಅಲ್ಲವೇ ಅಲ್ಲ, ನಾನು ಮೊದಲೇ ಹೇಳಿದ್ದೆ, ಬಂದು ಸೀಟಿನ ಕೆಳಗೆ ನೋಡಿ! ಒಂದೇ ಏಟಿಗೆ ಕ್ವಾಲಿಟಿ ಕಂಟ್ರೋಲ್ ಇಲಾಖೆ ನೆಲಕ್ಕೆ ಬೀಳುತ್ತಿತ್ತು. ಕಿಟಕಿಯ ಸರಳಿನ ಹಿಂದೆ ಅತ್ತೆ ನಿಂತಿದ್ದರು. ನನ್ನನ್ನು ನೋಡದೆ, ಖಾಲಿ ಮೊರವನ್ನು ಕೇರುತ್ತಿದ್ದರು.

"ಬಿ.ಬಿ.ನೇ ಕಣ್ರೀ, ನೀವು ಹೇಳಿದ್ದೇ ಸರಿ. ನಾನು ಬಿಗಿ ಮಾಡಿದ್ದು ಸಾಲದಾಗಿತ್ತು," ಎಂದೆ.

ಆ ಮನೆಯಲ್ಲಿ ನಾನು ಮಾಡಿದ ಕೆಲಸಗಳಲ್ಲೆಲ್ಲ ಆ ಒಂದು ಮಾತಿನಷ್ಟು ಬೆವರಿಳಿಸಿದ್ದು ಇನ್ನೊಂದಿಲ್ಲ.