ಐವತ್ತನೆಯ ಕರೆ

ವರ್ಷದ ಕೊನೆಯ ದಿನ ಬೆಳಿಗ್ಗೆ ಊರಿನ ಅಗ್ನಿಶಾಮಕ ಠಾಣೆಯ ಕರೆ ಪುಸ್ತಕದಲ್ಲಿ ನಲವತ್ತೊಂಬತ್ತು ಕರೆಗಳಿದ್ದವು. ಇರಬೇಕಾದದ್ದು ಐವತ್ತು. ಆ ಒಂದೇ ಒಂದು ಕರೆ ಗಂಟೆ ಮಾಮನ ಊಟ, ನಿದ್ದೆ, ನೆಮ್ಮದಿ ಮೂರನ್ನೂ ನುಂಗಿ ಕೂತಿತ್ತು.

ಗಂಟೆ ಮಾಮ ಠಾಣೆಯ ಹಿರಿಯ ನೌಕರ. ಅವನಿಗೊಂದು ಹೆಸರೂ ಇತ್ತು, ಆದರೆ ಸಂಬಳದ ಪಟ್ಟಿಯ ಹೊರಗೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕೈಗಂಟೆ ಬಾರಿಸುತ್ತ ಮನೆಮನೆಗೆ ಹೋಗುವುದು, ಮರಳಿನ ಬಕೆಟ್ ಎಲ್ಲಿಡಬೇಕು, ಬಾಣಲೆಯ ಎಣ್ಣೆ ಹತ್ತಿಕೊಂಡರೆ ಏನು ಮಾಡಬೇಕು ಎಂದು ಪಾಠ ಹೇಳುವುದು ಅವನ ಕೆಲಸ. ಆರು ವರ್ಷ ಬಿಡದೆ ಹೇಳಿದ್ದ. ಊರು ಕಲಿತುಬಿಟ್ಟಿತ್ತು. ಈಗ ಅದೇ ಅವನ ಕುತ್ತಿಗೆಗೆ ಬಂದಿತ್ತು.

ವರ್ಷಕ್ಕೆ ಐವತ್ತು ಕರೆಯೂ ಬಾರದ ಠಾಣೆಗಳನ್ನು ಮುಚ್ಚುತ್ತೇವೆ, ನೌಕರರನ್ನು ಗುಡ್ಡದಾಚೆಯ ಠಾಣೆಗೆ ಕಳಿಸುತ್ತೇವೆ ಎಂದು ಮೇಲಿನಿಂದ ಕಾಗದ ಬಂದಿತ್ತು. ಕರೆ ಎಂದರೆ ಸುಮ್ಮನೆ ಅಲ್ಲ. ಫೋನ್ ಬರಬೇಕು, ಗಾಡಿ ರಸ್ತೆಗಿಳಿಯಬೇಕು, ಪೈಪಿನಿಂದ ನೀರು ಬೀಳಬೇಕು. ಸಂಜೆ ಐದಕ್ಕೆ ಇಲಾಖೆಯ ಸಾಹೇಬರು ಬಂದು ಪುಸ್ತಕಕ್ಕೆ ಮೊಹರು ಹಾಕುವವರಿದ್ದರು.

ಗಂಟೆ ಮಾಮ ಹನ್ನೊಂದು ಸಲ ವರ್ಗವಾಗಿ ಈ ಊರಿಗೆ ಬಂದವನು. ಮಗಳನ್ನು ಕೊಟ್ಟದ್ದು ಪಕ್ಕದ ಬೀದಿಗೇ. ಮೊಮ್ಮಗಳು ಹೋದ ವಾರ ಮೊದಲ ಸಲ ನಾಲ್ಕು ಹೆಜ್ಜೆ ಹಾಕಿದ್ದಳು, ಅದೂ ನೇರ ಅಜ್ಜನ ಕಡೆಗೆ. ಐದನೆಯ ಹೆಜ್ಜೆಯ ಸುದ್ದಿಯನ್ನು ಗುಡ್ಡದಾಚೆ ಕೂತು ಫೋನಿನಲ್ಲಿ ಕೇಳಬೇಕೇ?

ವರ್ಷದ ಕೆಲಸವಂತೂ ನಿಲ್ಲುವಂತಿರಲಿಲ್ಲ. ಪೈಪುಗಳನ್ನು ಬಿಸಿಲಿಗೆ ಹರಡಿ, ಏಣಿಯ ಕೀಲುಗಳಿಗೆ ಎಣ್ಣೆ ಬಿಟ್ಟು, ಕೆಂಪು ಬಣ್ಣದ ಡಬ್ಬಿ ಹಿಡಿದು ಗೋಡೆಯ ನಿಯಮಗಳ ಬೋರ್ಡಿನ ಮುಂದೆ ಕೂತ. ಹನ್ನೆರಡು ನಿಯಮಗಳು. ಮಾಸಿದ ಅಕ್ಷರಗಳ ಮೇಲೆಯೇ ಕುಂಚ ಆಡಿಸಿದರಾಯಿತು. ಆರು ವರ್ಷದಿಂದ ತಿದ್ದುತ್ತಿದ್ದರೂ ಅದನ್ನು ಅವನು ಒಮ್ಮೆಯೂ ಓದಿದವನಲ್ಲ. ಇವತ್ತಂತೂ ಕೈ ಬೋರ್ಡಿನ ಮೇಲೆ, ಕಿವಿ ಫೋನಿನ ಮೇಲೆ.

ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಬಂದ.

"ಏನ್ ಮಾಮ, ಬಂತಾ?"

"ಎಲ್ಲಿ ಬಂತು?"

"ತಲೆ ಕೆಡಿಸ್ಕೋಬೇಡಿ. ಬೆಳಗ್ಗೆಯಿಂದ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೀನಿ. ಊರಿಗೆ ಊರೇ ನಿಮ್ಮ ಹಿಂದೆ ಇದೆ."

ಈ ಊರು ಹಿಂದೆ ನಿಂತದ್ದರಿಂದ ಉದ್ಧಾರವಾದವರನ್ನು ಗಂಟೆ ಮಾಮ ಇನ್ನೂ ಕಂಡಿರಲಿಲ್ಲ.

ಹತ್ತೂವರೆಗೆ ಫೋನ್ ಬಂತು. ನಿವೃತ್ತ ಮೇಷ್ಟ್ರ ಹಿತ್ತಲಲ್ಲಿ ಹೊಗೆ! ಗಂಟೆ ಮಾಮ ಕುಂಚ ಎಸೆದು ಗಾಡಿ ಹತ್ತಿದ. ಡ್ರೈವರ್ ಹೋದ ವೇಗಕ್ಕೆ ಬೀದಿಯ ಕೋಳಿಗಳೆಲ್ಲ ಕಾಂಪೌಂಡ್ ಹತ್ತಿದವು. ಹೋಗಿ ನೋಡಿದರೆ ಮೇಷ್ಟ್ರು ಖಾಲಿ ಬಕೆಟ್ ಹಿಡಿದು ನಗುತ್ತ ನಿಂತಿದ್ದಾರೆ. ಕಾಲ ಬಳಿ ಮರಳಿನ ರಾಶಿ. ಹೊಗೆಯ ಎಳೆಯೂ ಇಲ್ಲ.

"ಎಲೆ ರಾಶಿ ಹತ್ಕೊಂಡಿತ್ತು. ಮೂರೇ ಬಕೆಟ್ ಮರಳು, ನಿಮಿಷದೊಳಗೆ ಆರಿಸಿದೆ! ಹೇಗಿದೆ ನಿಮ್ಮ ಶಿಷ್ಯನ ಕೈಚಳಕ?"

"ಮತ್ತೆ ನಮಗ್ಯಾಕೆ ಫೋನ್ ಮಾಡಿದ್ರಿ ಸಾರ್?"

"ಮೊದಲು ಫೋನ್, ಆಮೇಲೆ ಮರಳು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ತಾನು ಇಷ್ಟು ಚೆನ್ನಾಗಿ ಪಾಠ ಹೇಳಿದ್ದಕ್ಕೆ ಗಂಟೆ ಮಾಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ನೀರು ಬಿಡದೆ ಗಾಡಿ ಹಿಂತಿರುಗಿತು.

ಹನ್ನೆರಡಕ್ಕೆ ಇನ್ನೊಂದು ಫೋನ್. ಬೇಕರಿಯ ಮಾಲೀಕನ ಬೆಕ್ಕು ಚಾವಣಿ ಹತ್ತಿ ಕೂತಿದೆಯಂತೆ. ಬೆಕ್ಕಿಗೆ ನೀರು ಬಿಡಲಾದೀತೇ ಎಂದು ಗಂಟೆ ಮಾಮ ದಾರಿಯುದ್ದಕ್ಕೂ ಚಿಂತಿಸಿದ. ಆ ಪಾಪ ಅವನಿಗೆ ಸುತ್ತಿಕೊಳ್ಳಲಿಲ್ಲ. ಗಾಡಿಯ ಸೈರನ್ ಕೇಳಿದ್ದೇ ಬೆಕ್ಕು ಚಾವಣಿಯಿಂದ ಜಿಗಿದು ಓಡಿತ್ತು.

ಠಾಣೆಗೆ ಬಂದರೆ ದರ್ಜಿ ಕಾದಿದ್ದ.

"ಮಾಮ, ಅಂಗಡಿ ಹಿಂದೆ ಚಿಂದಿ ಬಟ್ಟೆ ರಾಶಿ ಬಿದ್ದಿದೆ. ಹೂಂ ಅನ್ನಿ, ಕಡ್ಡಿ ಗೀರ್ತೀನಿ. ಯಾರಿಗೆ ಗೊತ್ತಾಗತ್ತೆ?"

"ಥೂ! ಬೆಂಕಿ ಆರಿಸೋ ಕೈಯಲ್ಲಿ ಬೆಂಕಿ ಹಚ್ಚಿಸ್ತೀಯಾ? ನಡಿ ಆಚೆ!"

ಬೈದು ಕಳಿಸಿದ. ಆದರೆ ದರ್ಜಿ ಹೋದ ಮೇಲೆ ಬಾಗಿಲಲ್ಲಿ ನಿಂತು ಒಂದೊಂದೇ ಮನೆಯ ಹೊಗೆಗೂಡನ್ನು ಆಸೆಗಣ್ಣಿನಿಂದ ನೋಡುತ್ತಿದ್ದದ್ದು ಅವನಿಗೇ ಅರಿವಾಯಿತು. ಬೆಂಕಿ ಆರಲಿ ಎಂದು ಇಪ್ಪತ್ತೆಂಟು ವರ್ಷ ದುಡಿದವನು ಹತ್ತಲಿ ಎಂದು ಹಂಬಲಿಸುತ್ತ ನಿಂತಿದ್ದ. ನಾಚಿಕೆಯಿಂದ ಕಣ್ಣು ತುಂಬಿಬಂತು.

ಊಟದ ಡಬ್ಬಿ ತಂದ ಹೆಂಡತಿಗೆ ಆ ಕಣ್ಣು ಕಂಡಿತು. ಅವರ ಮನೆ ಠಾಣೆಯ ಹಿಂದೆಯೇ, ಇಲಾಖೆ ಕೊಟ್ಟ ಎರಡು ಕೋಣೆ.

"ಎರಡು ತುತ್ತಾದ್ರೂ ತಿನ್ನಿ."

"ಗಂಟಲಲ್ಲಿ ಇಳಿಯಲ್ಲ ಕಣೇ. ಸಾಮಾನು ಕಟ್ಟೋಕೆ ಶುರು ಮಾಡು."

ಅವಳು ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಹೋದಳು.

ಗಂಟೆ ಮಾಮ ಬೋರ್ಡಿನ ಕೊನೆಯ ಸಾಲುಗಳನ್ನು ತಿದ್ದುತ್ತ ಕೂತ. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಫೋನ್ ಬರುತ್ತಲೇ ಇತ್ತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಏನ್ ಮಾಮ, ಬಂತಾ?" ಎಲ್ಲರೂ ಹೀಗೆ ಫೋನ್ ಹಿಡಿದು ಕೂತರೆ ಬರುವ ಕರೆಯಾದರೂ ಹೇಗೆ ಬಂದೀತು ಎಂದು ಅವನು ಅಳುವ ಸ್ಥಿತಿಗೆ ಬಂದ.

ನಾಲ್ಕೂ ನಲವತ್ತಕ್ಕೆ ಮತ್ತೆ ಬಂತು.

"ಬಂದಿಲ್ಲ ಮಾರಾಯ, ಇಡು!"

"ರೀ, ನಾನು. ಅಡುಗೆಮನೆ ಪರದೆ ಹತ್ಕೊಂಡಿದೆ. ಬೇಗ ಬನ್ನಿ."

ಹಿಂಬಾಗಿಲಿನಿಂದ ಮನೆಗೆ ನಲವತ್ತು ಹೆಜ್ಜೆ. ಗಂಟೆ ಮಾಮ ಓಡಲು ಕಾಲೆತ್ತಿದ, ಅಷ್ಟರಲ್ಲಿ ಡ್ರೈವರ್ ರಟ್ಟೆ ಹಿಡಿದ.

"ಮಾಮ, ಗಾಡಿ ರಸ್ತೆಗಿಳೀಬೇಕು!"

ಹೆಂಡತಿ ಮನೆಯಲ್ಲಿ, ಮನೆಯಲ್ಲಿ ಬೆಂಕಿ, ಇವನು ಗಾಡಿಯಲ್ಲಿ! ಮುಂದಿನ ಗೇಟಿನಿಂದ ಹೊರಟು, ಬೇಕರಿ ಬಳಸಿ, ದರ್ಜಿಯ ಅಂಗಡಿ ದಾಟಿ, ಇಡೀ ಬೀದಿ ಸುತ್ತಿ ಗಾಡಿ ತನ್ನದೇ ಹಿತ್ತಲಿಗೆ ಬಂತು. ಜನ ಎರಡೂ ಕಡೆ ನಿಂತು ಚಪ್ಪಾಳೆ ತಟ್ಟಿದರು.

ಹೆಂಡತಿ ಅಂಗಳದಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಕಿಟಕಿಯ ಪರದೆ ಉರಿದು ಕಟ್ಟಿಗೆಯ ಚೌಕಟ್ಟಿಗೆ ಹತ್ತುತ್ತಿತ್ತು. ಗಂಟೆ ಮಾಮ ಪೈಪು ಹಿಡಿದ. ಬೆಂಕಿ ಆರಿತು, ಜೊತೆಗೆ ಹಿಟ್ಟಿನ ಡಬ್ಬಿ ತೇಲಿತು, ಹಾಸಿಗೆ ನೆನೆಯಿತು, ಗೋಡೆಯ ಗಡಿಯಾರ ನಿಂತಿತು.

"ಹೇಗೆ ಹತ್ಕೊಳ್ತು ಕಣೇ?"

"ಪರದೆ ಹಳೇದಾಗಿತ್ತು ರೀ," ಎಂದಳು ಅವಳು, ಬೇರೆಲ್ಲೋ ನೋಡುತ್ತ.

ಅವಳ ಮುಷ್ಟಿಯಲ್ಲಿ ಬೆಂಕಿಪೆಟ್ಟಿಗೆಯ ಮೂಲೆ ಕಂಡಿತು. ಗಂಟೆ ಮಾಮ ಅವಳ ತಲೆಯ ಮೇಲೆ ಒದ್ದೆ ಕೈ ಇಟ್ಟು ಠಾಣೆಗೆ ಓಡಿದ.

ಸಾಹೇಬರು ಐದಕ್ಕೆ ಸರಿಯಾಗಿ ಬಂದರು. ಕರೆಗಳನ್ನು ಬೆರಳಿಟ್ಟು ಎಣಿಸಿದರು. ಬಾಗಿಲ ತುಂಬ ಜನ ನಿಂತಿದ್ದರು.

"ಐವತ್ತು. ಠಾಣೆ ಮುಂದುವರಿಯತ್ತೆ," ಎಂದು ಮೊಹರು ಒತ್ತಿದರು.

ಕ್ಷೌರದಂಗಡಿಯವನು ಗಂಟೆ ಮಾಮನನ್ನು ಎತ್ತಿ ಕುಣಿಸಿದ. ಸಾಹೇಬರು ಮಾತ್ರ ಕೊನೆಯ ಸಾಲಿನ ವಿಳಾಸದ ಮೇಲೆ ಕಣ್ಣು ನೆಟ್ಟು ಕೂತಿದ್ದರು. ಆಮೇಲೆ ತಲೆಯೆತ್ತಿ ಗೋಡೆಯ ಕಡೆ ನೋಡಿದರು.

"ಈ ಬೋರ್ಡ್ ಬರೆದೋರು ಯಾರು? ಅಕ್ಷರ ಮುತ್ತಿನ ಹಾಗಿದೆ."

"ನಾನೇ ಸಾರ್. ಪ್ರತಿ ವರ್ಷ ನಾನೇ," ಎಂದ ಗಂಟೆ ಮಾಮ ಉಬ್ಬಿ.

"ಹನ್ನೊಂದನೇದು ಸ್ವಲ್ಪ ಓದಿ."

ಗಂಟೆ ಮಾಮ ಬಗ್ಗಿದ. ಆರು ವರ್ಷ ತಿದ್ದಿದ ಸಾಲನ್ನು ಮೊದಲ ಸಲ ಓದಿದ.

"ಇಲಾಖೆಯ ವಸತಿಗೃಹದಲ್ಲಿ ಬೆಂಕಿ ಬಿದ್ದರೆ... ಅಲ್ಲಿ ವಾಸವಿರುವ ನೌಕರನನ್ನು... ಕೂಡಲೇ ದೂರದ ಠಾಣೆಗೆ ವರ್ಗಾಯಿಸತಕ್ಕದ್ದು."

ಸಾಲಿನ ಮೇಲೆ ಇಟ್ಟ ಬೆರಳಿಗೆ ಕೆಂಪು ಬಣ್ಣ ಅಂಟಿತು. ಇನ್ನೂ ಒಣಗಿರಲಿಲ್ಲ.

"ನನ್ನ ಕೈಯಲ್ಲಿ ಏನೂ ಇಲ್ಲ," ಎಂದರು ಸಾಹೇಬರು ಮೆಲ್ಲಗೆ. "ಗುಡ್ಡದಾಚೆ ಒಂದು ಜಾಗ ಖಾಲಿ ಇದೆ."

ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಗಂಟೆ ಮಾಮ ಹಿಂಬಾಗಿಲಿನಿಂದ ಹೊರಬಂದ. ನೀರು ತುಂಬಿದ ಅಂಗಳದಲ್ಲಿ ಹೆಂಡತಿ ಮೊಮ್ಮಗಳನ್ನು ಕೆಳಗಿಳಿಸಿದ್ದಳು. ಮಗು ಅಜ್ಜನನ್ನು ಕಂಡು ಕೇಕೆ ಹಾಕಿ, ಕೈ ಚಾಚಿ, ಒಂದು, ಎರಡು, ಮೂರು, ನಾಲ್ಕು, ಐದು ಹೆಜ್ಜೆ ಹಾಕಿ ಬಂದು ಅವನ ಕಾಲು ಹಿಡಿಯಿತು.

"ರೀ, ಉಳೀತಾ?" ಎಂದು ಹೆಂಡತಿ ಕೂಗಿ ಕೇಳಿದಳು.

ಅವನು ಕೆಂಪು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮಗುವನ್ನು ಎತ್ತಿಕೊಂಡ.

"ಠಾಣೆ ಉಳೀತು ಕಣೇ," ಎಂದ.