ಕ್ಲಾಸೆಟ್ಟಿನೊಳಗೆ ಕ್ರಿಯಾವಿಶೇಷಣ

"ಒಂದೇ ಒಂದು ವಾರ ಕೊಡು ಭಾನು. ಈ ಪ್ಲೇನ್ಸ್‌ಬರೋದಲ್ಲಿ ನನ್ನಷ್ಟು ಶುದ್ಧವಾಗಿ ಇಂಗ್ಲಿಷ್ ಮಾತಾಡೋ ಕನ್ನಡಿಗ ಇನ್ನೊಬ್ಬ ಇರಬಾರದು, ಹಾಗೆ ಮಾಡ್ತೀನಿ."

ದ್ವಾರಕಾನಾಥ ಈ ಘೋರ ಪ್ರತಿಜ್ಞೆಯನ್ನು ಕೈಗೊಂಡದ್ದು ಒಂದು ಭಾನುವಾರ ಬೆಳಿಗ್ಗೆ, ನ್ಯೂಜೆರ್ಸಿಯ ತನ್ನ ಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆಯ ಸಾಕ್ಷಿಯಲ್ಲಿ. ಹೆಂಡತಿ ಭಾನುಮತಿ ತಲೆಯನ್ನೂ ಎತ್ತಲಿಲ್ಲ.

"ಮೊದ್ಲು ಉಪ್ಪಿಟ್ಟು ತಿನ್ನಿ, ಆರಿಹೋಗ್ತಿದೆ" ಎಂದಳು.

ಪ್ರತಿಜ್ಞೆಯ ಹಿಂದೆ ಇದ್ದದ್ದು ಇಂಗ್ಲಿಷಿನ ಮೇಲಿನ ಪ್ರೀತಿಯೇನಲ್ಲ, ಅಪ್ಪಟ ಹೊಟ್ಟೆಕಿಚ್ಚು. ಒಂಬತ್ತು ವರ್ಷ ಕಾದ ಮೇಲೆ ಭಾನುಮತಿಗೆ ವರ್ಕ್ ಪರ್ಮಿಟ್ ಬಂದಿತ್ತು. ಪಕ್ಕದ ಊರಿನ ಒಂದು ಎಲಿಮೆಂಟರಿ ಸ್ಕೂಲಿನಲ್ಲಿ ಪುಟ್ಟ ಮಕ್ಕಳ ತರಗತಿಗೆ ಸಹಾಯಕಿಯ ಕೆಲಸ ಖಾಲಿ ಇದೆಯೆಂದು ಅರ್ಜಿ ಹಾಕಿದ್ದಳು, ಇಂಟರ್‌ವ್ಯೂಗೂ ಕರೆದಿದ್ದರು. ನಾಳೆಯದಲ್ಲ, ಅದರ ಮುಂದಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಜೂಮ್‌ನಲ್ಲಿ. ಇಲ್ಲಿಯ ತನಕ ಎಲ್ಲವೂ ಸಂತೋಷದ ವಿಷಯವೇ. ಆದರೆ ಇಂಟರ್‌ವ್ಯೂಗೆ ಅಭ್ಯಾಸ ಮಾಡಲು ಆಕೆ ಹೋಗುತ್ತಿದ್ದದ್ದು ಎದುರು ಬಿಲ್ಡಿಂಗಿನ ಶಿವಪ್ರಸಾದನ ಮನೆಗೆ. ಹದಿನೆಂಟು ವರ್ಷ ಅಮೆರಿಕನ್ನರ ಜೊತೆ ಮೀಟಿಂಗ್ ಮಾಡಿದ ಗಂಡ ಮನೆಯಲ್ಲೇ ಗುಂಡುಕಲ್ಲಿನ ಹಾಗೆ ಕೂತಿರುವಾಗ!

"ಅಲ್ಲಿ ಸ್ಮಿತಾನೂ ಇರ್ತಾಳಲ್ರೀ" ಎಂದಿದ್ದಳು ಭಾನುಮತಿ. ಸ್ಮಿತಾ ಎಂದರೆ ಶಿವಪ್ರಸಾದನ ಹೆಂಡತಿ. ಅದರಿಂದ ದ್ವಾರಕಾನಾಥನ ಉರಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ವಾರಕ್ಕೆ ಮೂರು ಸಂಜೆ ಆಕೆ ಆ ಮನೆಯಿಂದ ನಗುನಗುತ್ತಾ ಬರುತ್ತಿದ್ದಳು. ತನ್ನ ಮನೆಯಿಂದ ಹೋಗುವಾಗ ಅವಳ ಮುಖದಲ್ಲಿ ಆ ನಗು ಇರುತ್ತಿರಲಿಲ್ಲ. ಇದನ್ನು ಅವನು ಗಮನಿಸಿದ್ದ, ಲೆಕ್ಕವನ್ನೂ ಇಟ್ಟಿದ್ದ.

ಶಿವಪ್ರಸಾದನಲ್ಲಿ ಅಂಥಾದ್ದೇನಿದೆ? ದ್ವಾರಕಾನಾಥ ಪತ್ತೇದಾರಿಕೆಗೆ ಇಳಿದ. ಸ್ಕೂಲ್ ಬಸ್ಸಿನ ಸ್ಟಾಪಿನಲ್ಲಿ ಉತ್ತರ ಸಿಕ್ಕಿತು. ಬಸ್ಸಿನ ಡ್ರೈವರಮ್ಮ "ಹೌ ಆರ್ ಯು ಗೈಸ್?" ಎಂದಳು. ದ್ವಾರಕಾನಾಥ ಎಂದಿನಂತೆ "ಡೂಯಿಂಗ್ ಗುಡ್" ಎಂದ. ಶಿವಪ್ರಸಾದ ಮಫ್ಲರ್ ಸರಿಮಾಡಿಕೊಳ್ಳುತ್ತಾ "ಡೂಯಿಂಗ್ ವೆಲ್, ಥ್ಯಾಂಕ್ ಯು" ಎಂದ. ಭಾನುಮತಿ ಶಿವಪ್ರಸಾದನ ಕಡೆ ತಿರುಗಿ ಮುಗುಳ್ನಕ್ಕಳು.

ಅಂದರೆ ಗುಟ್ಟು ಇದು. ಕ್ರಿಯಾವಿಶೇಷಣ! ಹೈಸ್ಕೂಲಿನಲ್ಲಿ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದನ್ನು ನ್ಯೂಜೆರ್ಸಿಯ ಗಾಳಿಗೆ ತೂರಿ, ಆಫೀಸಿನಲ್ಲಿ ಎಲ್ಲರೂ ಅನ್ನುತ್ತಾರೆಂದು ತಾನೂ "ರಿಯಲ್ ಗುಡ್" "ಡ್ರೈವ್ ಸ್ಲೋ" ಎಂದುಕೊಂಡು ಹದಿನೆಂಟು ವರ್ಷ ಹಾಳುಮಾಡಿಕೊಂಡೆನಲ್ಲ ಎಂದು ಹಣೆ ಚಚ್ಚಿಕೊಂಡ. ಅದೇ ಸಂಜೆ ಲೈಬ್ರರಿಯಿಂದ ವ್ಯಾಕರಣದ ಪುಸ್ತಕ ತಂದ. ದಪ್ಪ ರಟ್ಟಿನ ಕಾರ್ಡುಗಳ ಮೇಲೆ ಒರಟು ಮಾರ್ಕರಿನಲ್ಲಿ ಬರೆದ: ವೆಲ್, ರಿಯಲಿ, ಸ್ಲೋಲಿ, ಕ್ವಿಕ್‌ಲಿ. ಒಟ್ಟು ನಲವತ್ತೆರಡು ಕಾರ್ಡು.

ಮೊದಲ ಬಲಿ ಹತ್ತು ವರ್ಷದ ಮಗಳು ಕ್ಷಮಾ. "ಡ್ಯಾಡ್, ಐ ಡಿಡ್ ಗುಡ್ ಇನ್ ಮ್ಯಾಥ್" ಎನ್ನುತ್ತಾ ಓಡಿಬಂದಳು.

"ವೆಲ್" ಎಂದು ಅಪ್ಪ ಕಾರ್ಡು ಎತ್ತಿದ. "ಐ ಡಿಡ್ ವೆಲ್."

ಕ್ಷಮಾ ಅಲ್ಲೇ ನಿಂತಳು. "ಐ ಗಾಟ್ ನೈಂಟಿ ಎಯ್ಟ್. ಡು ಯು ವಾಂಟ್ ಟು ಹಿಯರ್ ಅಬೌಟ್ ಇಟ್ ಆರ್ ನಾಟ್?"

ಎರಡನೆಯ ಬಲಿ ಭಾನುಮತಿಯೇ. ಬೆಡ್‌ರೂಮಿನಲ್ಲಿ, ಬಟ್ಟೆಬರೆ ಇಡುವ ಪುಟ್ಟ ಕೋಣೆಯಂಥ ಕ್ಲಾಸೆಟ್ಟಿನ ಕಡೆ ಮುಖ ಮಾಡಿ ಸಣ್ಣ ಮೇಜು ಹಾಕಿ, ಅವಳನ್ನು ಕೂರಿಸಿ, ತಾನೇ ಪ್ರಿನ್ಸಿಪಾಲನಾಗಿ ಎದುರು ಕುಳಿತ.

"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್."

"ಐ ವರ್ಕ್ ರಿಯಲ್..."

"ರಿಯಲಿ."

"ಐ ವರ್ಕ್ ರಿಯಲಿ ಗುಡ್..."

"ವೆಲ್."

"ರೀ, ವಾಕ್ಯ ಮುಗಿಸ್ಲಾ?"

"ತಪ್ಪು ವಾಕ್ಯ ಮುಗಿಸಿ ಏನುಪಯೋಗ ಭಾನು?"

ಭಾನುಮತಿ ಎದ್ದು ಚಪ್ಪಲಿ ಮೆಟ್ಟಿ ಎದುರು ಬಿಲ್ಡಿಂಗಿಗೆ ನಡೆದಳು. ಕಿಟಕಿಯಿಂದ ನೋಡಿದರೆ ಶಿವಪ್ರಸಾದ ಬಾಗಿಲು ತೆರೆದು, ನಗುತ್ತಾ ಒಳಗೆ ಕರೆಯುತ್ತಿದ್ದ. ದ್ವಾರಕಾನಾಥನ ಮೈಯೆಲ್ಲಾ ಉರಿದುಹೋಯಿತು. ಆ ಕ್ಷಣವೇ ಅವನೊಂದು ಯೋಜನೆ ಹಾಕಿದ. ಇಂಟರ್‌ವ್ಯೂ ದಿನ ಅವಳು ತಡವರಿಸುತ್ತಾಳೆ. ಆಗ ಶಿವಪ್ರಸಾದ ಎಲ್ಲಿರುತ್ತಾನೆ? ಆಫೀಸಿನಲ್ಲಿ. ಗಂಡ ಎಲ್ಲಿರುತ್ತಾನೆ? ಕ್ಲಾಸೆಟ್ಟಿನಲ್ಲಿ! ಬಾಗಿಲ ಸಂದಿಯಿಂದ ಸರಿಯಾದ ಕಾರ್ಡು ತೋರಿಸುತ್ತಾನೆ, ಅವಳು ಓದಿ ಹೇಳುತ್ತಾಳೆ, ಕೆಲಸ ಸಿಗುತ್ತದೆ. ಆ ಕೃತಜ್ಞತೆಯ ನಗುವನ್ನು ಈ ಸಲ ಅವಳು ಈ ಮನೆಯಲ್ಲೇ ನಗಬೇಕು.

ಸೋಮವಾರ ಕ್ಷಮಾ ಸ್ಕೂಲಿಗೆ ಹೋದಳು. ಭಾನುಮತಿ ಸ್ನಾನಕ್ಕೆ ಹೋದಳು. ದ್ವಾರಕಾನಾಥ "ನಾನು ಟ್ರೇನಿಗೆ ಹೊರಟೆ ಕಣೇ" ಎಂದು ಕೂಗಿ, ಹೊರಬಾಗಿಲನ್ನು ಒಳಗಿನಿಂದಲೇ ಧಡಾರನೆ ಹಾಕಿ, ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕ್ಲಾಸೆಟ್ ಸೇರಿದ. ಅಲ್ಲಿ ಬಟ್ಟೆಯ ಜೊತೆಗೆ ಅಕ್ಕಿ ಮೂಟೆಗಳೂ ಊರಿಗೆ ಹೋಗುವ ದೊಡ್ಡ ಸೂಟ್‌ಕೇಸುಗಳೂ ಇದ್ದವು. ಅಕ್ಕಿ ಮೂಟೆಯ ಮೇಲೆ ಆಸೀನನಾಗಿ, ತಲೆಯ ಮೇಲೆ ಇಳಿಬಿದ್ದ ರೇಷ್ಮೆ ಸೀರೆಗಳನ್ನು ಸರಿಸಿ, ಮೊಬೈಲಿನ ಬೆಳಕಿನಲ್ಲಿ ಕಾರ್ಡುಗಳನ್ನು ಜೋಡಿಸಿಕೊಂಡ. ಬೆರಳಗಲದ ಸಂದಿಯಲ್ಲಿ ಕಾಣುತ್ತಿದ್ದದ್ದು ಮಂಚದ ಒಂದು ಕಾಲು ಮಾತ್ರ. ಹತ್ತಕ್ಕೆ ಸ್ವಲ್ಪ ಮುಂಚೆ ಮೇಜು ಎಳೆದಾಡಿದ ಸದ್ದು ಕೇಳಿತು. ಗುಡಿಸುತ್ತಿದ್ದಾಳೆ ಅಂದುಕೊಂಡ.

ಇಂಟರ್‌ವ್ಯೂ ಶುರುವಾಯಿತು. ಪ್ರಿನ್ಸಿಪಾಲಮ್ಮ ಮತ್ತು ಒಬ್ಬ ಟೀಚರ್. ಭಾನುಮತಿಯ ದನಿ ಒಂಚೂರೂ ನಡುಗಲಿಲ್ಲ.

"ಐ ವರ್ಕ್ ರಿಯಲ್ ಗುಡ್ ವಿತ್ ಸ್ಮಾಲ್ ಚಿಲ್ಡ್ರನ್."

ದ್ವಾರಕಾನಾಥ ಸಂದಿಯಿಂದ "ರಿಯಲಿ" ಕಾರ್ಡನ್ನು ಹೊರಗೆ ಚಾಚಿದ. ಅದರ ಹಿಂದೆಯೇ "ವೆಲ್" ಕಾರ್ಡು. ಭಾನುಮತಿ ತಿದ್ದಿಕೊಳ್ಳಲೇ ಇಲ್ಲ.

"ಐ ಎಕ್ಸ್‌ಪ್ಲೇನ್ ಎವ್ರಿಥಿಂಗ್ ಸ್ಲೋ."

ಸಂದಿಯನ್ನು ಕೈ ತೂರುವಷ್ಟು ಅಗಲಿಸಿ, "ಸ್ಲೋಲಿ" ಕಾರ್ಡು ಹಿಡಿದ ಕೈಯನ್ನು ಮೊಣಕೈವರೆಗೂ ಚಾಚಿ ಅಲ್ಲಾಡಿಸಿದ. ಊಹೂಂ. ಇವಳಿಗೆ ಕಣ್ಣು ಕಾಣುವುದಿಲ್ಲವೇ? ಅಥವಾ ಶಿವಪ್ರಸಾದ ಹೇಳಿಕೊಟ್ಟಿದ್ದನ್ನು ಮಾತ್ರ ಕೇಳಬೇಕೆಂದು ಹಟವೇ? ರೋಷ ಉಕ್ಕಿಬಂತು. ಭುಜದವರೆಗೂ ಕೈ ಹೊರಗೆ ಹಾಕಿ ಎರಡೆರಡು ಕಾರ್ಡು ಒಟ್ಟಿಗೆ ಬೀಸತೊಡಗಿದ.

ಪ್ರಿನ್ಸಿಪಾಲಮ್ಮ ಮೆಲ್ಲಗೆ ಹೇಳಿದರು, "ಭಾನುಮತಿ, ಐ ಡೋಂಟ್ ವಾಂಟ್ ಟು ಸ್ಕೇರ್ ಯು. ದೇರ್ ಈಸ್ ಎ ಹ್ಯಾಂಡ್ ಬಿಹೈಂಡ್ ಯು."

ಬಿಹೈಂಡ್? ದ್ವಾರಕಾನಾಥ ಬೆಚ್ಚಿಬಿದ್ದು ಎದ್ದ. ಕಾಲು ಸೂಟ್‌ಕೇಸಿಗೆ ತಗುಲಿತು, ಸೂಟ್‌ಕೇಸು ಬಾಗಿಲಿಗೆ ಬಡಿಯಿತು, ಬಾಗಿಲು ತೆರೆದುಕೊಂಡಿತು. ಹೆಗಲ ಮೇಲೆ ಮದುವೆ ಸೀರೆ, ಎರಡೂ ಕೈಯಲ್ಲಿ ಕಾರ್ಡು, ಹೀಗೆ ಆತ ಕೋಣೆಯ ನಡುವಿಗೆ ದಯಮಾಡಿಸಿದ. ಆಗ ಕಂಡಿತು: ಮೇಜು ಕಿಟಕಿಯ ಕಡೆ ತಿರುಗಿತ್ತು. ಕ್ಲಾಸೆಟ್ಟು ಅವಳ ಬೆನ್ನ ಹಿಂದಿತ್ತು. ಅವನ ಪಾಂಡಿತ್ಯವೆಲ್ಲಾ ಇಷ್ಟು ಹೊತ್ತೂ ಪ್ರದರ್ಶನವಾದದ್ದು ಪ್ರಿನ್ಸಿಪಾಲಮ್ಮನಿಗೆ.

ಭಾನುಮತಿ ತಿರುಗಿ ನೋಡಿದಳು. ದನಿ ಏರಿಸಲಿಲ್ಲ.

"ರೀ, ಕಾರ್ಡ್ಸ್ ಡೌನ್. ಸಿಟ್ ನಿಯರ್ ದ ಡೋರ್. ಟೆನ್ ಮಿನಿಟ್ಸ್, ನೋ ಟಾಕಿಂಗ್."

ದ್ವಾರಕಾನಾಥ ಕಾರ್ಡು ಕೆಳಗಿಟ್ಟು ಬಾಗಿಲ ಹತ್ತಿರ ಚಕ್ಕಳಮಕ್ಕಳ ಹಾಕಿ ಕುಳಿತ. ಭಾನುಮತಿ ಲ್ಯಾಪ್‌ಟಾಪಿಗೆ ತಿರುಗಿ, "ಸಾರಿ. ಮೈ ಹಸ್ಬೆಂಡ್. ಹಿ ಈಸ್ ಲರ್ನಿಂಗ್ ಇಂಗ್ಲಿಷ್ ವೆರಿ ಸೀರಿಯಸ್" ಎಂದಳು. ನಾಲಗೆಯ ತುದಿಗೆ ಬಂದ "ಸೀರಿಯಸ್‌ಲಿ"ಯನ್ನು ದ್ವಾರಕಾನಾಥ ಮಾತ್ರೆಯ ಹಾಗೆ ನುಂಗಿಕೊಂಡ.

ಸಂಜೆ ಫೋನ್ ಬಂತು. ಕೆಲಸ ಭಾನುಮತಿಗೇ. ಹಟಮಾರಿ ಮಕ್ಕಳನ್ನು ಕೂಗಾಡದೆ ಕೂರಿಸುವವರು ಬೇಕಾಗಿದ್ದರಂತೆ, ಅದನ್ನು ಕಣ್ಣಾರೆ ನೋಡಿದೆವು ಎಂದರಂತೆ. ಕ್ಷಮಾ ಇಡೀ ಕಥೆಯನ್ನು ಅಮ್ಮನಿಂದ ಎರಡು ಸಲ ಹೇಳಿಸಿಕೊಂಡು ಸೋಫಾದಲ್ಲಿ ಬಿದ್ದು ನಕ್ಕಳು.

ದ್ವಾರಕಾನಾಥನಿಗೂ ಸಂತೋಷವಾಗಿತ್ತು. ಆದರೆ ಒಳಗಿನ ಮುಳ್ಳು ಅಲ್ಲೇ ಇತ್ತು.

"ಮೇಜು ಯಾಕೆ ತಿರುಗಿಸ್ದೆ?"

"ಮುಖದ ಮೇಲೆ ಬೆಳಕು ಬೀಳಲಿ ಅಂತ ಶಿವಪ್ರಸಾದ್ ಹೇಳಿದ್ರು."

"ಅದೇ ಅಂದುಕೊಂಡೆ. ನಿಜ ಹೇಳು ಭಾನು, ಅವನ ಇಂಗ್ಲಿಷ್ ನಂದಕ್ಕಿಂತ ಅಷ್ಟು ಚೆನ್ನಾಗಿದೆಯಾ?"

ಭಾನುಮತಿಗೆ ಅರ್ಥವಾಗಲಿಲ್ಲ. "ಇಂಗ್ಲಿಷಾ? ಬಸ್ ಸ್ಟಾಪಲ್ಲಿ ಒಂದೆರಡು ಮಾತು ಬಿಟ್ರೆ ಅವ್ರು ಇಂಗ್ಲಿಷ್ ಮಾತಾಡಿದ್ದು ನಾನೆಲ್ಲಿ ಕೇಳಿದೀನಿ? ಸ್ಮಿತಾ ಪ್ರಶ್ನೆ ಕೇಳೋಳು, ಅವ್ರು ತರಕಾರಿ ಹೆಚ್ತಾ ಕೂತಿರೋರು. ನಾನು ಎಷ್ಟೇ ತಪ್ಪು ಮಾತಾಡ್ಲಿ, ಮುಗಿಯೋ ತನಕ ಕೇಳಿ ಆಮೇಲೆ 'ಛಲೋ ಆತ್ರೀ' ಅನ್ನೋರು. ಅಷ್ಟೇ. ಅಷ್ಟು ಸಾಕಾಗಿತ್ತು ನಂಗೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಈ ಮನೇಲಿ ಒಂದು ಸಲನಾದ್ರೂ ನನ್ನ ಮಾತು..."

"ಹಾಗಲ್ಲ ಭಾನು..." ಎಂದು ದ್ವಾರಕಾನಾಥ ಬಾಯಿ ಹಾಕಿದ.

ಭಾನುಮತಿ ಮಾತು ನಿಲ್ಲಿಸಿ ಅವನನ್ನು ನೋಡಿದಳು. ಕ್ಷಮಾ ಸೋಫಾದಿಂದಲೇ ಬಾಗಿಲ ಕಡೆ ಬೆರಳು ತೋರಿಸಿದಳು.

"ಡ್ಯಾಡ್. ಟೆನ್ ಮಿನಿಟ್ಸ್."

ದ್ವಾರಕಾನಾಥ ಎದ್ದುಹೋಗಿ ಬಾಗಿಲ ಹತ್ತಿರ ಚಕ್ಕಳಮಕ್ಕಳ ಹಾಕಿ ಕುಳಿತ. ಭಾನುಮತಿ ಬಿಟ್ಟ ವಾಕ್ಯವನ್ನು ಮೊದಲಿನಿಂದ ಶುರುಮಾಡಿದಳು.