ಭಾವನವರ ಬಾಯ್ಲರಿನ ಇಳಿಜಾರು

ಆ ಬಾಯ್ಲರು ನಮ್ಮ ಭಾವನವರಿಗೆ ಬಿದ್ದದ್ದು ಎರಡು ಸಾವಿರ ರಿಂಗಿಟ್. ನಾನು ಹೋಗಿದ್ದರೆ ಅದರ ಅರ್ಧಕ್ಕೆ ತಂದು, ಮಾರಿದವನ ಖರ್ಚಿನಲ್ಲೇ ಒಂದು ಟೀ ಕುಡಿದು ಬರುತ್ತಿದ್ದೆ. ಹಳೆಯ ಹೋಟೆಲ್ ಸಾಮಾನು ಕೊಂಡು ಮಾರಿಯೇ ಕ್ವಾಲಾಲಂಪುರದಲ್ಲಿ ಒಂದು ಮನೆ ಮಾಡಿಕೊಂಡವನು ನಾನು. ಅಂಗಡಿ ಮುಚ್ಚುತ್ತಿರುವವನ ಹತ್ತಿರ ಬೆಲೆ ಕೇಳಬಾರದು. ಸಾಮಾನಿನ ಸುತ್ತ ಒಮ್ಮೆ ಸುತ್ತಿ ನಿಟ್ಟುಸಿರು ಬಿಡಬೇಕು. ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ. ಭಾವ ಮಾಡಿದ್ದೇನು? ಲಾಕ್‌ಡೌನಿನಲ್ಲಿ ಮುಚ್ಚಿಹೋದ ಮಾಂಟ್ ಕಿಯಾರಾದ ಒಂದು ಸ್ಪಾಗೆ ಹೋದರು, ಬೆಲೆ ಕೇಳಿದರು, ಅವನು ಹೇಳಿದ, ಇವರು ಕೊಟ್ಟರು.

"ಚೌಕಾಸಿ ಯಾಕೆ ಮಾಡ್ಲಿಲ್ಲ?" ಎಂದೆ.

"ಅವನ ಮುಖ ನೋಡಿದ್ರೆ ನೀನೂ ಕೊಡ್ತಿದ್ದೆ."

ಕೊಳ್ಳುವಾಗ ನಾನು ಮುಖ ನೋಡದಿರುವುದು ಅದಕ್ಕೇ.

ಬಾಲ್ಕನಿಯಲ್ಲಿ ನಿಂತರೆ ಸಾಕು, ಇಡ್ಲಿಯ ಹಾಗೆ ಬೇಯುವ ಊರು ಇದು. ಇಲ್ಲಿ ಮನೆಯೊಳಗೆ ಹಬೆಯ ಬಾಯ್ಲರು ಕೂರಿಸಿದ ಮನುಷ್ಯ ನಮ್ಮ ಭಾವ ಒಬ್ಬರೇ ಇರಬೇಕು. ಇದನ್ನು ಕೇಳಿ ಅವರಿಗೆ ತಲೆ ಸರಿಯಿಲ್ಲವೆಂದು ತಿಳಿಯಬೇಡಿ. ಅವರ ತಲೆ ಸರಿಯಾಗಿಯೇ ಇದೆ. ಉಳಿದ ಪ್ರಪಂಚ ಸೊಟ್ಟಗಿದೆ ಎಂಬುದೇ ಅವರ ದೂರು.

ಗಾರೆಯವರು ಬಳಸುವ ರಸಮಟ್ಟವನ್ನು ನೀವು ನೋಡಿರುತ್ತೀರಿ. ಗಾಜಿನ ನಳಿಗೆಯೊಳಗೆ ಒಂದು ಗುಳ್ಳೆ ಇರುತ್ತದಲ್ಲ, ಅದು. ಸೈಬರ್‌ಜಯಾದಲ್ಲಿ ಸಾಫ್ಟ್‌ವೇರು ಬರೆಯುವ ನಮ್ಮ ಭಾವನ ಬ್ಯಾಗಿನಲ್ಲಿ ಲ್ಯಾಪ್‌ಟಾಪಿನ ಪಕ್ಕದಲ್ಲಿ ಸದಾ ಒಂದು ರಸಮಟ್ಟ. ಮಾಮಕ್ ಅಂಗಡಿಗೆ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದುಕೊಂಡು ಹೋದರೆ ಮೊದಲು ಅದನ್ನು ಮೇಜಿನ ಮೇಲಿಟ್ಟು ಗುಳ್ಳೆ ನೋಡುತ್ತಾರೆ. ಆಮೇಲೆ ಟಿಶ್ಯೂ ಮಡಚಿ ಮೇಜಿನ ಕಾಲಿನ ಕೆಳಗೆ ತುರುಕುತ್ತಾರೆ. ಗುಳ್ಳೆ ನಡುವಿಗೆ ಬರುವಷ್ಟರಲ್ಲಿ ರೋಟಿ ತಣ್ಣಗಾಗಿ ಚಪ್ಪಲಿಯಾಗಿರುತ್ತದೆ. ಮೈಸೂರಿನಲ್ಲಿ ಅಕ್ಕನನ್ನು ನೋಡಲು ಬಂದ ದಿನವೂ ಹೀಗೆಯೇ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಎದ್ದುಹೋಗಿ, ಗೋಡೆಯ ಮೇಲಿದ್ದ ನಮ್ಮ ಅಜ್ಜನ ಫೋಟೋ ಸರಿಮಾಡಿ ಬಂದರು. "ಹುಡುಗ ಮನೆ ಚೆನ್ನಾಗಿ ನೋಡ್ಕೋತಾನೆ" ಎಂದರು ಅಪ್ಪ. "ಗೋಡೆ ಚೆನ್ನಾಗಿ ನೋಡ್ಕೋತಾರೆ, ನನ್ನ ಕಡೆ ತಿರುಗಲೇ ಇಲ್ಲ" ಎಂದಳು ಅಕ್ಕ.

ಅಕ್ಕನಿಗೆ ಕೀಲುವಾತ. ಕೈಬೆರಳುಗಳಿಗೇ ಹೆಚ್ಚು. ವಾರಕ್ಕೊಮ್ಮೆ ಬ್ರಿಕ್‌ಫೀಲ್ಡ್ಸಿನ ಆಯುರ್ವೇದದವರಲ್ಲಿಗೆ ಹೋಗಿ ಹಬೆ ತೆಗೆದುಕೊಂಡು ಬಂದರೆ ಬೆರಳು ಬಿಚ್ಚುತ್ತಿದ್ದವು. ಕೋವಿಡ್ ಬಂತು, ಆ ಚಿಕಿತ್ಸಾಲಯ ಮುಚ್ಚಿತು. ನೋಡುನೋಡುತ್ತಾ ಬೀಗದ ಕೈ ತಿರುಗಿಸುವುದು ನಿಂತಿತು, ಲೋಟ ಹಿಡಿಯುವುದು ನಿಂತಿತು. ವಿಡಿಯೋ ಕರೆಯಲ್ಲಿ ಅವಳು ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡು ಮಾತಾಡುತ್ತಿದ್ದಳು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎರಡು ಸಾವಿರದ ಕಾರಣ ಇದು.

ಭಾವ ತಮ್ಮ ಫ್ಲ್ಯಾಟಿನ ಹಿಂಬದಿಯ, ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಬಾಯ್ಲರು ಕೂರಿಸಿ, ಹಜಾರದ ಚಾವಣಿಗುಂಟ ಕೊಳವೆ ಎಳೆದು, ಅತಿಥಿಗಳ ಬಚ್ಚಲಿಗೆ ಜೋಡಿಸಿದರು. ಅತಿಥಿಗಳು ಬರುವ ಕಾಲವೇ ಅಲ್ಲವಲ್ಲ! ಎಲ್ಲ ಸ್ವಂತ ಕೈಕೆಲಸ. ಅಕ್ಕನನ್ನು ಒಳಗೆ ಕೂರಿಸಿ ಸ್ವಿಚ್ ಹಾಕಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಾವಣಿಯೊಳಗೆ ಯಾರೋ ಸುತ್ತಿಗೆಯಿಂದ ಬಡಿಯತೊಡಗಿದರು. ಕೊಳವೆಯ ಬಾಯಿಂದ ಹಬೆಯ ಬದಲು ಕುದಿವ ನೀರು ಉಗಿದು ಅಕ್ಕನ ಪಾದದ ಪಕ್ಕ ಬಿತ್ತು. ಅವಳು ಬಾಗಿಲು ತಳ್ಳಿಕೊಂಡು ಹೊರಬಂದಳು.

ಕೆಳಗಿನ ಮನೆಯ ಚೀನೀ ಆಂಟಿ ಮಾಸ್ಕ್ ಹಾಕಿಕೊಂಡು ಮೇಲೆ ಬಂದರು. "ಅಂಕಲ್, ಯುವರ್ ಹೌಸ್ ಗಾಟ್ ವಾರ್ ಆ?"

"ನೋ ವಾರ್. ಓನ್ಲಿ ಸ್ಟೀಮ್" ಎಂದರು ಭಾವ, ಗಂಭೀರವಾಗಿ.

"ಓನ್ಲಿ ಸ್ಟೀಮ್, ಬಟ್ ಮೈ ಫ್ಯಾನ್ ಆಲ್ಸೋ ಡ್ಯಾನ್ಸಿಂಗ್ ಲಾ."

ಆಂಟಿಯನ್ನು ಸಮಾಧಾನ ಮಾಡಬಹುದಿತ್ತು. ಅಕ್ಕನನ್ನು ಆಗಲಿಲ್ಲ. "ಬೆರಳು ಹೋದ್ರೆ ಹೋಗ್ಲಿ, ಕಾಲಾದ್ರೂ ಇರ್ಲಿ" ಎಂದು ಆ ಬಚ್ಚಲ ಬಾಗಿಲು ಎಳೆದುಕೊಂಡಳು. ಭಾವ ಬಿಚ್ಚಿ ಮತ್ತೆ ಜೋಡಿಸಿದರು, ಮತ್ತೆ ಬಡಿಯಿತು. ಲಾಕ್‌ಡೌನಿನ ಬಿಗಿ ಸಡಿಲಿದ ಕೂಡಲೇ ನನಗೆ ಫೋನು. ಭಾವ ನನ್ನನ್ನು ಸಹಾಯಕ್ಕೆ ಕರೆದದ್ದು ಅದೇ ಮೊದಲು. ಬಾಂಗ್ಸಾರಿನ ಅವರ ಮನೆಗೆ ಹೋಗಿ ತಲೆಯೆತ್ತಿ ನೋಡಿದೆ.

"ಭಾವ, ಈ ಪೈಪು ತುಂಬ ನೆಟ್ಟಗಿದೆ."

"ಗೊತ್ತು" ಎಂದರು, ಹೊಗಳಿಕೆಯೆಂದು ತಿಳಿದು.

"ಅದೇ ತಪ್ಪು."

ನನ್ನ ವಿದ್ಯೆಯೇನೂ ದೊಡ್ಡದಲ್ಲ. ನಾನು ಮಾರಿದ ಇಡ್ಲಿ ಬಾಯ್ಲರೊಂದು ಹೀಗೆಯೇ ಬಡಿದುಕೊಂಡು ವಾಪಸ್ಸು ಬಂದಿತ್ತು. ವಾಪಸ್ಸು ಬಂದ ಸಾಮಾನಿನಷ್ಟು ಕಲಿಸುವ ಗುರು ಇನ್ನೊಬ್ಬನಿಲ್ಲ. ತಣ್ಣನೆಯ ಕೊಳವೆಯಲ್ಲಿ ಹೋಗುವಾಗ ಸ್ವಲ್ಪ ಹಬೆ ಮತ್ತೆ ನೀರಾಗುತ್ತದೆ. ಆ ನೀರಿಗೆ ಬಾಯ್ಲರಿಗೆ ಮರಳಲು ಇಳಿಜಾರು ಬೇಕು. ಇಲ್ಲದಿದ್ದರೆ ಅದು ದಾರಿಯಲ್ಲೇ ಮಲಗುತ್ತದೆ, ಹಿಂದಿನಿಂದ ಓಡಿಬಂದ ಹಬೆ ಅದನ್ನೆತ್ತಿ ತಿರುವಿಗೆ ಅಪ್ಪಳಿಸುತ್ತದೆ. ಆ ಸುತ್ತಿಗೆಯೇ ಅದು.

"ಅಂದ್ರೆ ಸೊಟ್ಟ ಮಾಡು ಅಂತೀಯಾ?"

"ಇಳಿಜಾರು ಕೊಡಿ ಅಂತೀನಿ."

"ನೋಡಿದವರು ಏನಂದಾರು?"

"ಈಗ ನೋಡೋಕೆ ಯಾರು ಬರ್ತಾರೆ ಭಾವ?"

ಅವರು ಅಡುಗೆಮನೆಯ ಕಡೆ ನೋಡಿದರು. ಅಕ್ಕ ಎರಡೂ ಅಂಗೈಗಳ ನಡುವೆ ಲೋಟವನ್ನು ಒತ್ತಿಹಿಡಿದು ನೀರು ಕುಡಿಯುತ್ತಿದ್ದಳು. ಭಾವ ಏಣಿ ಹತ್ತಿ ಕ್ಲಾಂಪುಗಳನ್ನು ಸಡಿಲಿಸಿದರು. ಬಚ್ಚಲ ತುದಿ ಮೇಲಕ್ಕೆ, ಬಾಯ್ಲರಿನ ತುದಿ ಕೆಳಕ್ಕೆ. ರಸಮಟ್ಟ ಇಟ್ಟು ನೋಡದಿರಲು ಅವರಿಂದಾಗಲಿಲ್ಲ. ಗುಳ್ಳೆ ಒಂದು ಮೂಲೆಗೆ ಹೋಗಿ ನಿಂತಿತು. ಅದನ್ನು ಸ್ವಲ್ಪ ಹೊತ್ತು ನೋಡಿ, ರಸಮಟ್ಟವನ್ನು ಫ್ರಿಜ್ಜಿನ ಮೇಲೆ ಬೋರಲು ಹಾಕಿಟ್ಟರು.

ಇನ್ನೂ ಎರಡು ತಪ್ಪುಗಳಿದ್ದವು. ಹೊಸ ಕೊಳವೆಯ ಎಣ್ಣೆಪಸೆ ಬಾಯ್ಲರಿನ ನೀರಿನಲ್ಲಿ ತೇಲುತ್ತಿತ್ತು, ನೀರು ಹಾಲಿನ ಹಾಗೆ ಉಕ್ಕುತ್ತಿತ್ತು, ತೊಳೆದು ಚೆಲ್ಲಿದೆವು. ಒತ್ತಡ ಹೆಚ್ಚಾದಾಗ ತೆರೆದುಕೊಳ್ಳುವ ವಾಲ್ವಿನ ಬಾಯಿ ನಿಂತ ಮನುಷ್ಯನ ಮುಖಕ್ಕೇ ಗುರಿಯಾಗಿತ್ತು; ನೆಲಕ್ಕೆ ತಿರುಗಿಸಿದೆವು.

"ಮೊದಲು ನೀವು ಕೂತ್ಕೊಳ್ಳಿ. ಬದುಕಿ ಬಂದ್ರೆ ನಾನು ಹೋಗ್ತೀನಿ" ಎಂದಳು ಅಕ್ಕ.

ಭಾವ ಕೂತರು. ಸದ್ದಿಲ್ಲ. ಬೆಂದ ಗೆಣಸಿನಂತೆ ಹೊರಬಂದು "ಬಾ" ಎಂದರು. ಅಕ್ಕ ಒಳಗೆ ಹೋದಳು. ಇವರು ಬಾಗಿಲಿಗೆ ಕಿವಿಯಿಟ್ಟು ಕೂತರು.

"ಇದೀಯೇನೇ?"

"ಇದೀನಿ ರೀ. ಎಷ್ಟು ಸಲ ಕೇಳ್ತೀರಿ?"

"ನೀರು ಬಿತ್ತಾ?"

"ಇಲ್ಲ. ಸುಮ್ನಿರಿ, ಹಾಯಾಗಿದೆ."

ಸುಮ್ಮನಾಗಲಿಲ್ಲ ಅವರು.

ಹೊರಬಂದ ಮೇಲೆ ಅಕ್ಕ ಒದ್ದೆ ಕೂದಲು ಹರವಿಕೊಂಡು ಬಾಲ್ಕನಿಯಲ್ಲಿ ಕೂತಳು. ಭಾವ ಬಾಚಣಿಗೆ ತೆಗೆದುಕೊಂಡು ಅವಳ ಹಿಂದೆ ನಿಂತರು. ಸಿಕ್ಕು ಬಿಡಿಸಿ, ಮೂರು ಕಾಲು ಮಾಡಿ, ಹೆಣೆಯಲು ಶುರುಮಾಡಿದರು. ಆ ಕೈಗಳಿಗೆ ಅದು ಹೊಸ ಕೆಲಸವಾಗಿರಲಿಲ್ಲ. ಅಕ್ಕನೂ ತಲೆಯನ್ನು ಎಷ್ಟು ಬಾಗಿಸಬೇಕೋ ಅಷ್ಟೇ ಬಾಗಿಸಿ ಕೂತಿದ್ದಳು. ಇಷ್ಟು ತಿಂಗಳು ಅವಳ ಜಡೆ ಯಾರು ಹಾಕುತ್ತಿದ್ದರೆಂದು ನಾನು ಯೋಚಿಸಿಯೂ ಇರಲಿಲ್ಲ.

"ಕೊಡಿ, ಇವತ್ತು ನಾನೇ ನೋಡ್ತೀನಿ" ಎಂದು ಅಕ್ಕ ಜಡೆಯನ್ನು ಮುಂದಕ್ಕೆಳೆದುಕೊಂಡಳು. ಬೆರಳುಗಳು ಬಾಗಿದವು. ನಿಧಾನವಾಗಿ ಒಂದು ಹೆಣಿಗೆ, ಇನ್ನೊಂದು. ಭಾವ ಬರಿದೇ ಬಾಚಣಿಗೆ ಹಿಡಿದು ನಿಂತಿದ್ದರು. ಅಕ್ಕ ಒಮ್ಮೆ ಹಿಂತಿರುಗಿ ಅವರ ಮುಖ ನೋಡಿದಳು. ಆಮೇಲೆ ಜಡೆಯನ್ನು ಮತ್ತೆ ಬೆನ್ನಿಗೆ ಹಾಕಿ, "ತುದಿ ನೀವೇ ಕಟ್ಟಿ" ಎಂದಳು.

ನೀವೂ ಮನೆಯಲ್ಲಿ ಹಬೆಯ ಬಾಯ್ಲರು ಕೂರಿಸುವವರಾದರೆ, ಕೊಳವೆ ಬಾಯ್ಲರಿನ ಕಡೆಗೆ ಇಳಿಯಲಿ, ಹೊಸ ಕೊಳವೆಯ ಎಣ್ಣೆ ತೊಳೆಯಿರಿ, ವಾಲ್ವಿನ ಬಾಯಿ ನೆಲಕ್ಕಿರಲಿ. ಬಾಗಿಲಿಗೆ ಒಳಚಿಲಕ ಬೇಡ. ಯಾರಿಗಾಗಿ ಕೂರಿಸಿದಿರೋ ಅವರಿಗಿಂತ ಮೊದಲು ನೀವು ಒಳಗೆ ಕೂತು ನೋಡಿ. ಆಮೇಲೆ ಹೊರಗೆ ಕೂತು, ಅವರು ಬೈದರೂ ಸರಿ, ಮಾತಾಡಿಸುತ್ತಲೇ ಇರಿ.